ಕರಗುವ ಚಪ್ಪರ

ರೇಷ್ಮೆಗೂಡು ಬೇಯುವ ವಾಸನೆ ಗೊತ್ತಿದ್ದವರಿಗೆ ಅದನ್ನು ಬಣ್ಣಿಸಬೇಕಿಲ್ಲ. ಗೊತ್ತಿಲ್ಲದವರಿಗೆ ಹಳೆಯ ಬೆಣ್ಣೆ, ಒದ್ದೆ ಉಣ್ಣೆ ಎಂದೇನೋ ಹೇಳಬಹುದು, ಆದರೂ ತಿಳಿಯುವುದಿಲ್ಲ. ನನ್ನ ಅಮ್ಮ ನಮ್ಮೂರು ಮರ್ಗಿಲಾನಿನ ನೂಲು ಬಿಚ್ಚುವ ಕಾರ್ಖಾನೆಯಲ್ಲಿದ್ದಳು. ಸಂಜೆ ಬಂದು ತಲೆವಸ್ತ್ರ ಬಿಚ್ಚಿ ಮೊಳೆಗೆ ಹಾಕಿದ ಕೂಡಲೇ ಮನೆಯೆಲ್ಲ ಆ ವಾಸನೆ ತುಂಬುತ್ತಿತ್ತು. ನಾನು ಆ ವಸ್ತ್ರವನ್ನು ಎಳೆದುಕೊಂಡು ಮುಖಕ್ಕೆ ಹೊದ್ದು ಮಲಗುತ್ತಿದ್ದೆ. ಶಾಲೆಯಲ್ಲಿ ಪಕ್ಕ ಕೂತ ಹುಡುಗಿ ಮೂಗು ಮುಚ್ಚಿಕೊಂಡ ದಿನವೇ ಜನ ಅದನ್ನು ನಾತ ಅನ್ನುತ್ತಾರೆಂದು ನನಗೆ ತಿಳಿದದ್ದು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದ ಮೇಲೆ ಆ ವಾಸನೆ ಮತ್ತೆ ನನ್ನ ಬಟ್ಟೆಗೆ ಹತ್ತಿತು. ನನ್ನ ಹಳೆಯ ವಿದ್ಯಾರ್ಥಿನಿ ಹುಸ್ನಿಯಾ ಈಗ ಸುಟ್ಟಗಾಯದ ವಾರ್ಡಿನಲ್ಲಿ ಶಸ್ತ್ರವೈದ್ಯೆ. ಆಸ್ಪತ್ರೆಯ ಹಿಂದಿನ ಎರಡು ಕೋಣೆಗಳಲ್ಲಿ ಅವಳು ಗೂಡಿನಿಂದ, ಗಾಯದೊಳಗೆ ಇಡಲು, ಒಂದು ಬಗೆಯ ಸ್ಪಂಜಿನ ಹಾಳೆ ಮಾಡಿಸುತ್ತಾಳೆ. ಗೂಡು ಕತ್ತರಿಸಿ ಹುಳು ತೆಗೆಯುವುದು, ಸೋಡಾಪುಡಿ ಬೆರೆಸಿದ ನೀರಿನಲ್ಲಿ ಕುದಿಸಿ ಎಳೆಯ ಮೇಲಿನ ಅಂಟನ್ನೆಲ್ಲ ಕಳೆಯುವುದು ನನ್ನ ಪಾಲಿನ ಕೆಲಸ. ಉಳಿದ ಎಳೆ ಬರೀ ಪ್ರೋಟೀನು. ಅದನ್ನು ಕರಗಿಸಿ, ಸೋಸಿ, ಹೆಪ್ಪುಗಟ್ಟಿಸಿ ಒಣಗಿಸಿದರೆ ಬೆರಳಿಗೆ ಭಾರವೇ ತಿಳಿಯದಂಥ ಬಿಳಿ ಹಾಳೆಯಾಗುತ್ತದೆ. ಒಂದಿಷ್ಟು ಅಂಟು ಉಳಿದರೂ ಮೈ ಅದನ್ನು ಒಲ್ಲೆ ಅನ್ನುತ್ತದೆ, ಕೆಂಪಗೆ ಊದಿಕೊಳ್ಳುತ್ತದೆ. ಅದಕ್ಕೇ ಹುಸ್ನಿಯಾ ನನ್ನನ್ನು ಕರೆದದ್ದು. "ಓಪಾ, ನೀವು ಪಾತ್ರೆ ತೊಳೆದ್ರೆ ಅದ್ರಲ್ಲಿ ಮುಖ ಕಾಣುತ್ತೆ. ಆ ಕೈ ನನಗೆ ಬೇಕು," ಅಂದಿದ್ದಳು. ನಮ್ಮಲ್ಲಿ ಅಕ್ಕನಂಥವರನ್ನು ಹಾಗೆಯೇ ಕರೆಯುವುದು.

ನಮ್ಮ ಬೀದಿಯ ಬಹ್ರಿ ನನಗಿಂತ ಒಂದೆರಡು ವರ್ಷ ಚಿಕ್ಕವಳು. ಬಾಯಿ ಮಾತ್ರ ನನಗಿಂತ ಬಹಳ ದೊಡ್ಡದು. ಮದುವೆಗೆ ಮುಂಚೆ ಮಗ್ಗದಲ್ಲಿ ಎಳೆ ಕಟ್ಟುತ್ತಿದ್ದಳು, ಆಮೇಲೆ ಪ್ರತಿ ವಸಂತದಲ್ಲೂ ಮನೆಯಲ್ಲಿ ರೇಷ್ಮೆಹುಳು ಸಾಕುತ್ತ ಬಂದವಳು. ಅವಳ ಸೊಸೆ ಸಲ್ತನತ್ ಹೋದ ವರ್ಷ ರೊಟ್ಟಿ ಬಡಿಯಲು ತಂದೂರಿನೊಳಗೆ ಬಗ್ಗಿದಾಗ ತೋಳಿನ ಬಟ್ಟೆಗೆ ಬೆಂಕಿ ಹತ್ತಿತು. ಗಾಯವೇನೋ ಮಾಯಿತು. ಆದರೆ ಮೊಣಕೈಯ ಒಳಮಡಿಕೆಯ ಚರ್ಮ ಬಿಗಿದು, ಬಲಗೈ ಎದೆಗೆ ಮಡಚಿಕೊಂಡೇ ನಿಂತುಬಿಟ್ಟಿತು.

"ನಿನ್ನ ಸೊಸೆ ಒಳ್ಳೆಯವಳು ಕಣೇ, ಮೂರು ಹೊತ್ತೂ ಎದೆಗೆ ಕೈಯಿಟ್ಟು ಸಲಾಂ ಮಾಡ್ಕೊಂಡೇ ಇರ್ತಾಳೆ," ಎಂದು ಯಾರೋ ಮದುವೆಮನೆಯಲ್ಲಿ ನಕ್ಕರು. ಬಹ್ರಿ ತಟ್ಟೆಯಲ್ಲಿದ್ದ ಪಲಾವು ಮುಟ್ಟದೆ ಎದ್ದು ಬಂದಳಂತೆ. ಮನೆಗೆ ಬಂದು ಆ ಸಿಟ್ಟನ್ನೂ ಸೊಸೆಯ ಮೇಲೆಯೇ ತೀರಿಸಿಕೊಂಡಳು, ಅದೂ ನಿಜ. ಸಲ್ತನತ್ ತನ್ನ ಪುಟ್ಟ ಮಗಳನ್ನು ಎತ್ತಿಕೊಳ್ಳಲಾಗದೆ ನೆಲದ ಮೇಲೆ ಕೂತು ಮಡಿಲಿಗೆ ಕರೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಹಾಳೆಯ ವಿಷಯ ಅವರಿಗೆ ಹೇಳಿದವಳು ನಾನು. ಅವರ ಅಂಗಳದಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ ಚಹಾ ಕುಡಿಯುತ್ತಿದ್ದೆವು.

"ಹುಳು ಉಗುಳಿದ್ದನ್ನ ತಗೊಂಡು ಮನುಷ್ಯರ ಮೈಯೊಳಗೆ ಇಡ್ತಾರಾ?" ಬಹ್ರಿ ಚಹಾದ ಪಿಯಾಲಾ ಕೆಳಗಿಟ್ಟಳು. "ಓದಿ ಓದಿ ನಿಮಗೆಲ್ಲ ತಲೆ ಕೆಟ್ಟಿದೆ ಮಸ್ತುರಾ."

"ನೀನು ಮೈಮೇಲೆ ಹಾಕ್ಕೊಂಡಿರೋದೂ ಹುಳು ಉಗುಳಿದ್ದೇ."

"ಅದು ಹೊರಗೆ!"

ನಾನು ಮೇಲೆ ತೋರಿಸಿದೆ. "ಈ ಚಪ್ಪರ ಇಲ್ದಿದ್ರೆ ಬಳ್ಳಿ ಏನ್ಮಾಡ್ತಿತ್ತು? ನೆಲದಲ್ಲೇ ಮುದುಡ್ಕೊಂಡು ಬಿದ್ದಿರೋದು. ಅವಳ ಕೈಲೂ ಅದೇ ಆಗಿರೋದು. ಗಂಟಾಗಿರೋ ಚರ್ಮ ಕುಯ್ದು ಬಿಡಿಸಿ, ಆ ಹಳ್ಳಕ್ಕೆ ಈ ಹಾಳೆ ಇಡ್ತಾರೆ, ಮೇಲೆ ತೊಡೆಯಿಂದ ತೆಗೆದ ತೆಳು ಚರ್ಮ. ಅವಳದೇ ಮಾಂಸ, ಅವಳದೇ ರಕ್ತನಾಳ ಅದರೊಳಗೆ ಹಬ್ಬುತ್ತೆ. ಹಬ್ಬಿ ಗಟ್ಟಿಯಾದ ಮೇಲೆ ಚಪ್ಪರ ತಾನಾಗೇ ಕರಗಿ ಹೋಗುತ್ತೆ."

"ಚಪ್ಪರ ಕರಗಿದ್ರೆ ಬಳ್ಳಿ ಬೀಳಲ್ವಾ?"

"ಅಷ್ಟೊತ್ತಿಗೆ ಅದು ಬಳ್ಳಿ ಆಗಿರಲ್ಲ, ಮರ ಆಗಿರುತ್ತೆ."

ಚಹಾದ ಕೆಟಲು ತರುತ್ತಿದ್ದ ಸಲ್ತನತ್ ಅಲ್ಲೇ ನಿಂತಳು. ಅತ್ತೆಯ ಎದುರು ಅವಳು ಹೆಚ್ಚು ಮಾತಾಡುವವಳಲ್ಲ. "ಮಗೂನ ಎತ್ಕೋಬಹುದಾ ಖೋಲಾ?" ಎಂದಷ್ಟೇ ಕೇಳಿದಳು. ಖೋಲಾ ಅಂದರೆ ಚಿಕ್ಕಮ್ಮ. ನಾನು ಹೂಂ ಅಂದೆ. ಹಾಗೆ ಅನ್ನುವ ಹಕ್ಕು ನನಗಿತ್ತೋ ಇಲ್ಲವೋ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ಶಸ್ತ್ರಚಿಕಿತ್ಸೆ ಮೇ ತಿಂಗಳಲ್ಲಿ ಆಯಿತು. ಬಹ್ರಿಯ ಹುಳುಗಳು ಹಣ್ಣಾಗಿ, ಗೂಡು ಕಟ್ಟಲು ಒಣಕಡ್ಡಿಯ ಕಟ್ಟುಗಳನ್ನು ಹತ್ತುವ ಹೊತ್ತು. ಆ ಹೊತ್ತಿನಲ್ಲಿ ನಮ್ಮವರು ಮನೆ ಬಿಟ್ಟು ಕದಲುವುದಿಲ್ಲ. ಹುಳುವಿನ ಕೋಣೆಗೆ ಹೊರಗಿನವರ ಕಣ್ಣು ಬೀಳಬಾರದೆಂದು ಬಾಗಿಲಿಗೆ ಪರದೆ ಕಟ್ಟಿ ಕಾವಲು ಕೂರುತ್ತಾರೆ. ಬಹ್ರಿ ಆ ಕೋಣೆಯನ್ನು ತಂಗಿಗೆ ಒಪ್ಪಿಸಿ ಆಸ್ಪತ್ರೆಗೆ ಬಂದಳು. ಸೊಸೆಯ ಮಂಚದ ಪಕ್ಕ ಮರದ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದಳು. ದಾದಿಯರು ಹೇಳಿದ್ದು ಒಂದೇ ಮಾತು: ಪಟ್ಟಿಯನ್ನು ಡಾಕ್ಟರು ಬಿಟ್ಟು ಯಾರೂ ಮುಟ್ಟಬಾರದು.

ಮೊದಲ ದಿನಗಳು ಚೆನ್ನಾಗಿದ್ದವು. ನೇರ ಹಲಗೆಗೆ ಕಟ್ಟಿದ ತನ್ನ ಕೈಯನ್ನು ಸಲ್ತನತ್ ಬೇರೆಯವರದೇನೋ ಎಂಬಂತೆ ನೋಡುತ್ತಿದ್ದಳು. "ಇಷ್ಟು ಉದ್ದ ಇತ್ತಾ ನನ್ನ ಕೈ!" ಎಂದಳೊಮ್ಮೆ. ಬಹ್ರಿ ಕೂಡ ನಕ್ಕಳು. ಗೂಡು ಬಿಡಿಸುವ ದಿನ ಬಂತೆಂದು ತಂಗಿ ಹೇಳಿಕಳಿಸಿದಾಗ ಮಾತ್ರ ಅವಳು ಮನೆಗೆ ಹೋದಳು.

ಅವಳು ಹೋದ ಮರುದಿನವೇ ಜ್ವರ ಬಂತು.

ಹುಸ್ನಿಯಾ ನನ್ನನ್ನು ಕರೆಸಿ ಬಾಗಿಲು ಹಾಕಿಕೊಂಡಳು. "ಓಪಾ, ಬೇಜಾರು ಮಾಡ್ಕೋಬೇಡಿ. ಈ ಸಲದ ಗೂಡಿನ ಅಂಟು ಪೂರ್ತಿ ಹೋಗಿತ್ತಾ?"

"ಹೋಗಿತ್ತು."

"ಖಂಡಿತವಾಗ್ಲೂ?"

ಈ ವಯಸ್ಸಿನ ಕಣ್ಣನ್ನು ಎಷ್ಟು ನಂಬುವುದು? ಹಿಂದಿನ ಕೆಲಸದ ಕೋಣೆಗೆ ಹೋಗಿ ಅದೇ ಹಾಳೆಯಿಂದ ಉಳಿದ ಚೂರನ್ನು ಪರೀಕ್ಷೆಯ ಬಣ್ಣದಲ್ಲಿ ಅದ್ದಿದೆ. ಅಂಟು ಉಳಿದಿದ್ದರೆ ಎಳೆ ಕೆಂಪಾಗುತ್ತದೆ, ಇಲ್ಲದಿದ್ದರೆ ಹಳದಿ. ಹಳದಿ ಬಂತು. ಇನ್ನೊಂದು ಚೂರು ಅದ್ದಿದೆ, ಅದೂ ಹಳದಿಯೇ. ಗಾಜಿನ ಬಟ್ಟಲನ್ನು ಹಾಗೇ ಹಿಡಿದುಕೊಂಡು ಹುಸ್ನಿಯಾ ಬಳಿಗೆ ಓಡಿದೆ.

ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು. "ಚೂರು ಹಳದಿ ಬಂದಿದೆ. ಆ ಹುಡುಗಿ ಮೈ ಕೆಂಪಾಗಿದೆ. ನಾನು ಯಾವುದನ್ನ ನಂಬ್ಲಿ ಓಪಾ?"

"ಏನು ಮಾಡ್ತೀಯ?"

"ನಾಳೆ ಬೆಳಿಗ್ಗೆ ಹಾಳೆ ಪೂರ್ತಿ ತೆಗೀತೀನಿ. ಸೋಂಕು ರಕ್ತಕ್ಕೆ ಏರಿದ್ರೆ ಕೈ ಮಾತು ಬಿಡಿ, ಹುಡುಗೀನೇ ಉಳಿಯಲ್ಲ."

"ತೆಗೆದ್ರೆ ಕೈ?"

"ಮೊದಲಿಗಿಂತ ಹೆಚ್ಚು ಮಡಚುತ್ತೆ." ಅವಳು ಕನ್ನಡಕ ತೆಗೆದು ಕಣ್ಣೊತ್ತಿಕೊಂಡಳು. "ತಪ್ಪು ಹಾಳೇದೇ ಅಂತಾದ್ರೆ ಬಿಡೋ ಹಾಗಿಲ್ಲ. ಹೊರಗಿಂದ ಏನಾದ್ರೂ ಸೇರಿದ್ರೆ, ಎಲ್ಲಿ ಸೇರ್ತು ಅಂತ ಗೊತ್ತಾದ್ರೆ, ಅಷ್ಟನ್ನೇ ಕತ್ತರಿಸಿ ತೊಳೀಬಹುದಿತ್ತು. ಆದ್ರೆ ಪಟ್ಟಿ ಯಾರೂ ಮುಟ್ಟಿಲ್ಲ ಅಂತಾರಲ್ಲ."

ನಾನು ವಾರ್ಡಿಗೆ ಹೋದೆ. ಪಕ್ಕದ ಹಾಸಿಗೆಯಲ್ಲಿ ಎರಡೂ ಕೈಗೆ ಪಟ್ಟಿ ಸುತ್ತಿದ ಒಬ್ಬ ಹೆಂಗಸು ಇದ್ದಳು. ತನ್ನ ಪುಟ್ಟ ಫ್ಯಾನನ್ನು ಕಾಲಿನಿಂದ ತಳ್ಳಿ ತಳ್ಳಿ ಸಲ್ತನತಳ ಕಡೆಗೆ ತಿರುಗಿಸುತ್ತಿದ್ದಳು. ನನ್ನನ್ನು ಕಂಡು, ಕದ್ದು ಸಿಕ್ಕಿಬಿದ್ದವಳಂತೆ ಕಾಲು ಹಿಂದೆ ತೆಗೆದುಕೊಂಡಳು.

ಸಲ್ತನತಳ ಹಣೆ ಸುಡುತ್ತಿತ್ತು. ದಿಂಬು ಸರಿಮಾಡಲು ಬಗ್ಗಿದಾಗ ಕುರಿಯ ಬಾಲದ ಕೊಬ್ಬಿನ ವಾಸನೆ ಮೂಗಿಗೆ ಬಡಿಯಿತು. ಪಟ್ಟಿಯ ಕೆಳತುದಿಯಲ್ಲಿ ಬೂದುಬಣ್ಣದ ಕಲೆ. ದಾದಿಯರು ಅಲ್ಲಿ ಅಂಟುಪಟ್ಟಿ ಹಾಕುತ್ತಾರೆ. ಈಗ ಅಲ್ಲಿ ಒಂದು ಗಂಟಿತ್ತು, ಜೋಳದ ಕಾಳಿಗಿಂತ ಚಿಕ್ಕದು, ತುದಿಗಳನ್ನು ಒಳಗೆ ಸೇರಿಸಿದ್ದು. ಮಗ್ಗದಲ್ಲಿ ಎಳೆ ಕಡಿದಾಗ ನಮ್ಮ ಹೆಂಗಸರು ಹಾಕುವ ಗಂಟು.

"ಇದನ್ನ ಯಾರು ಬಿಚ್ಚಿದ್ದು ಮಗಳೇ?"

"ನಾನೇ ಖೋಲಾ. ತುರಿಕೆ ತಡೀಲಿಲ್ಲ."

"ಒಂದೇ ಕೈಲಿ ಈ ಗಂಟು ಹಾಕಿದ್ಯಾ?"

ಅವಳು ಗೋಡೆಯ ಕಡೆ ನೋಡಿದಳು.

"ಏನು ಹಚ್ಚಿದ್ರು ಅಂತಾದ್ರೂ ಹೇಳು. ನಾಳೆ ಎಲ್ಲಾ ತೆಗೆದುಬಿಡ್ತಾರೆ. ಕೈ ಹೋಗುತ್ತೆ."

"ಹೋದ್ರೆ ಹೋಗ್ಲಿ. ಈ ಒಂದು ವರ್ಷ ಇತ್ತಾ?" ತುಟಿ ಒಣಗಿ ಬಿರಿದಿತ್ತು. "ಹುಳು ಬಿಟ್ಟು ಬಂದ್ರು ಖೋಲಾ, ನನಗೋಸ್ಕರ. ಆ ಕುರ್ಚಿ ಮೇಲೆ ಕೂತೇ ಮಲಗಿದ್ರು. ಅಂಥವರನ್ನ ಈ ಡಾಕ್ಟರ ಕೈಲಿ ಬೈಸ್ಲಾ? ಬೀದಿಗೆಲ್ಲ ಗೊತ್ತಾದ್ರೆ ಓಯಿ ತಲೆ ಎತ್ಕೊಂಡು ಓಡಾಡಕ್ಕಾಗುತ್ತಾ?"

ಅವಳು ಅತ್ತೆಯನ್ನು ಓಯಿ, ಅಂದರೆ ಅಮ್ಮ, ಎಂದೇ ಕರೆಯುವುದು. ಎಲ್ಲ ಸೊಸೆಯರೂ ಹಾಗೇ ಕರೆಯುತ್ತಾರೆ. ಆ ಹೊತ್ತು ಮಾತ್ರ ನನಗೆ ಆ ಮಾತು ಹೊಸದಾಗಿ ಕೇಳಿಸಿತು.

ಹುಸ್ನಿಯಾಗೆ ಗಂಟಿನ ವಿಷಯ ಹೇಳಬಹುದಿತ್ತು. ಆದರೆ ಏನು ಹಚ್ಚಿದ್ದು, ಎಲ್ಲಿಯವರೆಗೆ ಹಚ್ಚಿದ್ದು ಎಂಬುದು ಬಹ್ರಿಗೆ ಮಾತ್ರ ಗೊತ್ತು. ಷೇರ್ ವ್ಯಾನು ಹಿಡಿದು ನಮ್ಮ ಬೀದಿಗೆ ಬಂದೆ.

ಬಹ್ರಿಯ ಅಂಗಳ ತುಂಬ ಹೆಂಗಸರು. ಒಣಕಡ್ಡಿಯ ಕಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ಗೂಡು ಬಿಡಿಸುತ್ತ ಕೂತಿದ್ದರು. ಎಲ್ಲರ ತೋಳಿಗೂ ನಯವಾದ ರೇಷ್ಮೆ ಜೂಲು ಅಂಟಿತ್ತು.

"ಬಂದ್ರು ನೋಡಿ ಕಾಲೇಜು ಓಪಾ, ಗೂಡಿಗೆ ಪರೀಕ್ಷೆ ಇಡೋಕೆ!" ಎಂದಳು ಪಕ್ಕದ ಮನೆಯ ಇನೋಯತ್. "ಇಲ್ಲಿ ಕೂತಿರೋರೆಲ್ಲ ಫೇಲಾದವರೇ, ಬನ್ನಿ ಬನ್ನಿ."

"ನೀನು ಫೇಲಾಗೋಕೂ ಶಾಲೆಗೆ ಹೋಗಿದ್ಯಾ?" ಎಂದು ಇನ್ನೊಬ್ಬಳು.

"ಹೋಗಿದ್ದೆ ಕಣೇ. ಮೇಷ್ಟ್ರೇ ಹೆದರಿ ಊರು ಬಿಟ್ರು."

ಬಹ್ರಿ ಒಂದು ಗೂಡನ್ನು ನನ್ನ ಅಂಗೈಗೆ ಹಾಕಿದಳು. "ಒತ್ತಿ ನೋಡೇ. ಕಲ್ಲು! ಈ ವರ್ಷದಂಥ ಗೂಡು ನಾನು ಕಂಡಿಲ್ಲ. ಹುಡುಗಿ ಹೇಗಿದ್ದಾಳೆ?"

"ಬಹ್ರಿ, ಬಾಯಾರಿದೆ. ಒಳಗೆ ಬಾ, ನೀರು ಕೊಡು."

ಅಂಗಳದ ಕೊಳಾಯಿ ನನ್ನ ಪಕ್ಕದಲ್ಲೇ ಇತ್ತು. ಬಹ್ರಿಯ ಮುಖ ಬಿಳಿಚಿಕೊಂಡಿತು. ಇನೋಯತ್ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ತಟ್ಟನೆ ಗಂಟಲೆತ್ತಿ ತನ್ನ ಗಂಡನನ್ನು ಟರ್ಕಿ ಕೋಳಿ ಓಡಿಸಿಕೊಂಡು ಹೋದ ಕಥೆ ಶುರುಮಾಡಿದಳು. ಎಲ್ಲರ ತಲೆಯೂ ಅವಳ ಕಡೆಗೆ ತಿರುಗಿತು. ಆ ಕಥೆ ಅವರೆಲ್ಲ ಹತ್ತು ಸಲ ಕೇಳಿದ್ದೇ.

ಅಡುಗೆಮನೆಯಲ್ಲಿ ನಾನು ಕೇಳಿದೆ, "ಪಟ್ಟಿ ಬಿಚ್ಚಿ ಏನು ಹಚ್ಚಿದೆ?"

"ನಾನ್ಯಾಕೆ ಬಿಚ್ಚಲಿ?"

"ಗಂಟು ನೋಡಿದೆ ಬಹ್ರಿ. ಹುಡುಗಿಗೆ ಜ್ವರ ಏರಿದೆ."

ಅವಳು ತಲೆವಸ್ತ್ರಕ್ಕೆ ಅಂಟಿದ ಜೂಲು ಕಿತ್ತಳು. "ಬೂದಿ," ಎಂದಳು. "ತಂಗಿ ಮೊದಲ ಗೂಡು ಬಿಡಿಸಿ ಕಳಿಸಿದ್ಲು. ಅದನ್ನ ಆಸ್ಪತ್ರೆ ಹಿತ್ತಲಲ್ಲಿ ಸುಟ್ಟು, ಬಾಲದ ಕೊಬ್ಬಲ್ಲಿ ಕಲಸಿದೆ. ನಮ್ಮಜ್ಜಿ ನಮಗೆಲ್ಲ ಗಾಯಕ್ಕೆ ಅದನ್ನೇ ಹಚ್ತಿದ್ಲು. ನಿನಗೂ ಹಚ್ಚಿದ್ಲು, ಮೊಣಕಾಲಿಗೆ, ಮರೆತ್ಯಾ? ನಿಮ್ಮ ಡಾಕ್ಟರು ಇಟ್ಟಿದ್ದೂ ರೇಷ್ಮೆ, ನಾನು ಹಚ್ಚಿದ್ದೂ ರೇಷ್ಮೆ. ಅವರದ್ದು ಯಾರ ಮನೆ ಹುಳದ್ದೋ ಏನೋ. ಇದು ನಮ್ಮನೇದು. ಆ ಮಡಚಿದ ಕೈಲೇ ಸಲ್ತನತ್ ಸೊಪ್ಪು ಹಾಕಿ ಬೆಳೆಸಿದ ಹುಳು. ಅವಳ ಕೈಲಿ ಉಂಡಿದ್ದು ಅವಳಿಗೆ ಕೆಡುಕು ಮಾಡುತ್ತಾ ಮಸ್ತುರಾ?"

ಬೂದಿ, ಕೊಬ್ಬು, ಸೋಂಕು ಎಂದು ಅವಳಿಗೆ ಪಾಠ ಹೇಳುವ ಮನಸ್ಸು ನನಗೆ ಬರಲಿಲ್ಲ. ನಾಳೆ ಬೆಳಿಗ್ಗೆ ಏನಾಗಲಿದೆ ಎಂಬುದನ್ನಷ್ಟೇ ಹೇಳಿದೆ. ಯಾವ ತುದಿಗೆ ಹಚ್ಚಿದ್ದು ಎಂದು ಗೊತ್ತಾದರೆ ಉಳಿದದ್ದು ಉಳಿಯಬಹುದು ಎಂದೂ ಹೇಳಿದೆ.

"ನನ್ನ ಹೆಸರು ಅವಳು ಹೇಳಿದ್ಲಾ?"

"ಇಲ್ಲ. ತಾನೇ ಬಿಚ್ಚಿದೆ ಅಂದ್ಲು. ಕೈ ಹೋದ್ರೆ ಹೋಗ್ಲಿ ಅಂದ್ಲು."

ಬಹ್ರಿ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಳು. ಹೊರಗೆ ಟರ್ಕಿ ಕೋಳಿ ಗಂಡನ ಟೋಪಿ ಕಿತ್ತುಕೊಂಡ ಘಟ್ಟಕ್ಕೆ ಬಂದು ಹೆಂಗಸರೆಲ್ಲ ನಗುತ್ತಿದ್ದರು.

"ಅವಳು ಮಾಡಿದ ರೊಟ್ಟೀನ ನಾನು ಒಂದು ದಿನಾನೂ ಚೆನ್ನಾಗಿದೆ ಅಂದಿಲ್ಲ," ಎಂದಳು. ಆಮೇಲೆ, "ಎಲ್ಲರೆದುರು ಬೈತಾಳಾ ನಿನ್ನ ಡಾಕ್ಟರು?"

"ಬೈತಾಳೆ. ಅವಳ ಬಾಯಿ ನನಗೆ ಕಾಲೇಜಿನ ದಿನದಿಂದ ಗೊತ್ತು."

"ಬೈಲಿ. ನನ್ನ ಚಪ್ಪಲಿ ಎಲ್ಲಿ ಹೋಯ್ತು?"

ಯಾರ ಚಪ್ಪಲಿಯೋ ಕಾಲಿಗೆ ಹಾಕಿಕೊಂಡು, ತೋಳಿನ ಜೂಲನ್ನೂ ಒರೆಸಿಕೊಳ್ಳದೆ ಹೊರಟಳು.

ಹುಸ್ನಿಯಾ ಬೈದಳು. ವಾರ್ಡಿನ ಹೊರಗೆ, ಹತ್ತಾರು ಜನರ ಎದುರಿಗೇ. "ಇಷ್ಟು ಹೇಳಿದ್ದೀವಿ, ನಿಮಗೆ ಕಿವಿ ಇಲ್ವಾ ಖೋಲಾ? ಸುಟ್ಟ ಬೂದಿ, ಕುರಿ ಕೊಬ್ಬು! ಆ ಹುಡುಗಿ ಸತ್ತಿದ್ರೆ?" ಬಹ್ರಿ ತಲೆ ತಗ್ಗಿಸಲಿಲ್ಲ, ಎದುರು ಮಾತೂ ಆಡಲಿಲ್ಲ. ಮಾತು ನಿಂತ ಕೂಡಲೇ ತನ್ನ ತೋಳನ್ನು ಮೇಲೇರಿಸಿ ಬೆರಳಿಟ್ಟು ತೋರಿಸಿದಳು.

"ಇಲ್ಲಿ. ಕೆಳತುದಿಗೆ, ಒಳಮಗ್ಗುಲಿಗೆ. ಎರಡು ಸಲ. ಮೇಲುಗಡೆ ಬಿಗಿಯಾಗಿತ್ತು, ಬೆರಳು ತೂರಲಿಲ್ಲ. ನನ್ನನ್ನ ಆಮೇಲೆ ಬೈಯಿ ತಾಯಿ, ಮೊದಲು ಅವಳನ್ನ ನೋಡು."

ಹುಸ್ನಿಯಾ ತಟ್ಟನೆ ತಿರುಗಿ, ಆಪರೇಷನ್ ಕೋಣೆ ಈಗಲೇ ಸಿದ್ಧಮಾಡಿ ಎಂದು ದಾದಿಗೆ ಕೂಗಿದಳು. ಒಳಗೆ ಹೋಗುತ್ತ, "ಇವರನ್ನ ಇನ್ನು ವಾರ್ಡಿನ ಹೊಸ್ತಿಲು ದಾಟಿಸಬೇಡಿ," ಎಂದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಕೂರೋಕೊಂದು ಬೆಂಚು ಹಾಕಿಕೊಡಿ," ಎಂದಳು.

ಸಂಜೆ ಹೊರಬಂದಾಗ ಅವಳ ಟೋಪಿಯ ಅಂಚು ಬೆವರಿನಿಂದ ಒದ್ದೆಯಾಗಿತ್ತು. "ಹಾಳೇಲಿ ಕೆಳಗಿನ ಒಂದು ಅಂಚು ಕತ್ತರಿಸಿ ತೆಗೆದೆ, ಓಪಾ. ಮಿಕ್ಕಿದ್ದನ್ನ ಸೂಜೀಲಿ ಚುಚ್ಚಿ ನೋಡ್ದೆ. ರಕ್ತ ಬಂತು. ಅವಳ ನಾಳ ಒಳಗೆ ಇಳಿದಿದೆ."

"ಉಳಿಯುತ್ತಾ?"

"ಗೊತ್ತಿಲ್ಲ. ಜ್ವರ ಇಳೀಬೇಕು. ಉಳಿದ್ರೂ ಕೈ ಪೂರ್ತಿ ನೇರ ಆಗಲ್ಲ. ಮಗು ಎತ್ಕೊಳ್ಳೋಷ್ಟು ಆಗಬಹುದು. ಆಗದೇನೂ ಇರಬಹುದು." ನನ್ನ ತೋಳು ಹಿಡಿದುಕೊಂಡಳು. "ನಿಮ್ಮ ಕೈಯನ್ನ ಅನುಮಾನಿಸಿದೆ," ಎಂದಳು. ಅನುಮಾನಿಸಬೇಕಾದದ್ದೇ ಅವಳ ಕೆಲಸ ಎಂದೆ.

ಬಹ್ರಿ ಮನೆಗೆ ಹೋಗಲಿಲ್ಲ. ಮರುದಿನವೂ ಆ ಬೆಂಚಿನ ಮೇಲೆಯೇ ಇದ್ದಳು. ಗೂಡು ಕೊಳ್ಳುವವರು ಬಂದಿದ್ದಾರೆಂದು ಫೋನು ಬಂದರೆ, "ತೂಕ ಹಾಕಿಸ್ಕೊಂಡು ಕಳಿಸೇ," ಎಂದು ತಂಗಿಗೆ ಹೇಳಿ ಇಟ್ಟುಬಿಟ್ಟಳು. ನಾನು ತಂದ ಮಾಂಸದ ಸಂಸಾ ಪೊಟ್ಟಣದಲ್ಲೇ ತಣ್ಣಗಾಯಿತು. ಯಾರಾದರೂ ದಾದಿ ಹೊರಬಂದಾಗ ಎದ್ದು ನಿಲ್ಲುವಳು, "ಜ್ವರ?" ಅನ್ನುವಳು. ಸ್ವಲ್ಪ ಇಳಿದಿದೆ, ಪೂರ್ತಿ ಇಳಿದಿಲ್ಲ. ಮತ್ತೆ ಕೂರುವಳು.

"ಒಳಗೆ ಬಿಟ್ರೂ ನಾನು ಹೋಗಲ್ಲ ಮಸ್ತುರಾ," ಎಂದಳು. "ಯಾವ ಮುಖ ತಗೊಂಡು ಹೋಗ್ಲಿ?"

ಮಧ್ಯಾಹ್ನದ ಊಟದ ಗಾಡಿ ವಾರ್ಡಿನೊಳಗೆ ಹೋಗಿ ಹೊರಗೆ ಬಂತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಸಲ್ತನತ್ ಕಾಣಿಸಿದಳು. ಏಳಬಾರದೆಂದು ಅವಳಿಗೆ ಹೇಳಿದ್ದರು. ಹಲಗೆಗೆ ಕಟ್ಟಿದ ಕೈ ಬಾಗಿಲಿಗೆ ತಾಗದಂತೆ ಅಡ್ಡ ತಿರುಗಿ, ಒಂದೊಂದೇ ಹೆಜ್ಜೆ ಇಟ್ಟು ಹೊಸ್ತಿಲು ದಾಟಿದಳು. ದಾದಿ ಅವಳನ್ನು ನೋಡಿದಳು. ನೋಡಿ, ಔಷಧಿ ಬೀರುವಿನ ಕಡೆಗೆ ತಿರುಗಿ ಏನನ್ನೋ ಹುಡುಕತೊಡಗಿದಳು.

ಸಲ್ತನತಳ ಎಡಗೈಯಲ್ಲಿ ಆಸ್ಪತ್ರೆಯ ಶೂರ್ವಾ ತುಂಬಿದ ಬಟ್ಟಲಿತ್ತು, ಅದರ ಮೇಲೆ ಅರ್ಧ ರೊಟ್ಟಿ. ಬೆಂಚಿನ ಹತ್ತಿರ ಬಂದು ಬಟ್ಟಲನ್ನು ಅತ್ತೆಯ ಮುಂದೆ ಹಿಡಿದಳು. ಸಾರು ತುಳುಕುವ ಮುಂಚೆ ಬಹ್ರಿ ಅದನ್ನು ಎರಡೂ ಕೈಯಿಂದ ತೆಗೆದುಕೊಂಡಳು.